ಯಾರ ಪೈಕಿ ಎಂದು ಕೇಳುತ್ತಿದ್ದವರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯತಕ್ಕದ್ದು ಎಂದು ಯಾವ ಸುತ್ತೋಲೆಯಲ್ಲೂ ಇಲ್ಲ. ಆದರೂ ಎಲ್ಲರೂ ಪಾಲಿಸುತ್ತಾರೆ. ನಾನೂ ಪಾಲಿಸುವವನೇ. ಹೆಡ್ ಕ್ಲಾರ್ಕ್ ಆಗಿ ಮೂವತ್ತು ವರ್ಷ ಪಾಲಿಸುವುದೇ ನನ್ನ ಉದ್ಯೋಗವಾಗಿತ್ತು. ತೊಂದರೆ ಏನೆಂದರೆ, ಈ ಒಬ್ಬರ ಬಗ್ಗೆ ಒಳ್ಳೆಯದನ್ನು ಬರೆಯಲು ಹೊರಟರೆ ಪ್ಯಾರಾದ ಕೊನೆಗೆ ನನ್ನ ಬಗ್ಗೆ ಕೆಟ್ಟದ್ದೊಂದು ಬಂದು ಕೂರುತ್ತದೆ. ಓದುಗರು ಸಹಿಸಿಕೊಳ್ಳಬೇಕಾಗಿ ವಿನಂತಿ.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎರಡು ತಿಂಗಳು ತಡವಾಗಿ, ನ್ಯಾಮತಿ ಕಡೆಯ ಬಸ್ಸಿನ ಕಂಡಕ್ಟರ್ ಬಾಯಿಂದ. "ನಿಮ್ಮ ಮಿಷಿನ್ ಸಾರ್ ಹೋದ್ರಲ್ಲ, ಗೊತ್ತಾಗ್ಲಿಲ್ವೇನ್ರೀ? ಎದೆನೋವು. ಗೋವಿನಕೋವಿಯಾಗೆ ಮಣ್ಣು ಮಾಡಿದ್ರು" ಎಂದು ಟಿಕೇಟು ಹರಿದು ಕೈಗಿಟ್ಟ. ಹಿಂದೆ ಇಬ್ಬರು ನಿಂತಿದ್ದರು. ಶೋಕಿಸಲು ಅಷ್ಟೇ ಸಮಯ ಮಂಜೂರಾಗಿತ್ತು.

ನಾವಿಬ್ಬರೂ ಹೊನ್ನಾಳಿಯ ಒಂದು ಟ್ರಸ್ಟಿನಲ್ಲಿ ಕೆಲಸಕ್ಕಿದ್ದವರು. ಅದರ ಹೆಸರು ಬೇಡ; ಈಗ ಬೋರ್ಡೂ ಇಲ್ಲ. ಫಿಟ್ಸ್ ಬರುವವರಿಗೆ ಪುಕ್ಕಟೆ ಮಾತ್ರೆ ಕೊಡುವುದು ಟ್ರಸ್ಟಿನ ಧ್ಯೇಯ. ಸೋಮವಾರ ಹೊನ್ನಾಳಿ, ಮಂಗಳವಾರ ನ್ಯಾಮತಿ, ಗುರುವಾರ ಚನ್ನಗಿರಿ, ಶನಿವಾರ ಜಗಳೂರು. ಒಂದು ವ್ಯಾನು. ಅದರಲ್ಲಿ ಡಾಕ್ಟರು, ಔಷಧದ ಕಿಟಕಿಯಲ್ಲಿ ಕೂರುವ ಅಕ್ಕ, ನಾನು, ಮಾತ್ರೆಯ ಡಬ್ಬಿಗಳು, ಮತ್ತು ಕಿಟಕಿ ಪಕ್ಕದ ಸೀಟಿನಲ್ಲಿ ಹಾಸಿಗೆ ಬಟ್ಟೆ ಹೊದ್ದು, ಬೆಲ್ಟ್ ಕಟ್ಟಿಸಿಕೊಂಡ ಕಂಪ್ಯೂಟರ್. ಲ್ಯಾಪ್‌ಟಾಪ್ ಆದರೆ ಕದ್ದುಕೊಂಡು ಹೋಗುತ್ತಾರೆಂದು ನಮ್ಮ ಕಾರ್ಯದರ್ಶಿಗಳು ಎರಡು ಕೈಯಲ್ಲಿ ಎತ್ತಬೇಕಾದ ದೊಡ್ಡ ಪೆಟ್ಟಿಗೆಯನ್ನೇ ಕೊಡಿಸಿದ್ದರು. ಅದರ ಪಕ್ಕದ ಸೀಟು ಮಿಷಿನ್ ಸಾರ್ ಅವರದು. ವ್ಯಾನು ಗುಂಡಿಗೆ ಇಳಿದರೆ ಅವರ ಕೈ ಮೊದಲು ಹೋಗುತ್ತಿದ್ದುದು ಆ ಪೆಟ್ಟಿಗೆಯ ಭುಜಕ್ಕೆ. "ಬಸುರಿ ಹೆಂಗಸಿಗೂ ಯಾರೂ ಹಿಂಗೆ ಮಾಡಲ್ಲ ಬಿಡ್ರಿ" ಎಂದು ಔಷಧದ ಅಕ್ಕ ಒಮ್ಮೆ ಅಂದಾಗ ಅವರು ಗಂಭೀರವಾಗಿ, "ಬಸುರೀನೇ ಐತಲ್ಲಕ್ಕ. ಹನ್ನೊಂದು ವರ್ಷದ್ದು" ಎಂದಿದ್ದರು.

ಅದು ತಮಾಷೆಯಾಗಿರಲಿಲ್ಲ. ಫಿಟ್ಸಿನ ಔಷಧವನ್ನು ಜ್ವರದ ಮಾತ್ರೆಯಂತೆ ಬರೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ನಮ್ಮ ದೊಡ್ಡ ಡಾಕ್ಟರು ಒಬ್ಬೊಬ್ಬರಿಗೂ ಕಾಲು ಮಾತ್ರೆ ಏರಿಸಿ, ಎರಡು ತಿಂಗಳು ಕಾದು, ಮೈಮೇಲೆ ಗಂಧೆ ಎದ್ದರೆ ಅದನ್ನು ಬಿಡಿಸಿ ಬೇರೆಯದನ್ನು ಹಿಡಿಸಿ, ಕೊನೆಗೊಂದು ದಿನ "ಇದು ಕೂತಿತು" ಎನ್ನುತ್ತಿದ್ದರು. ಕೂರಲು ಕೆಲವರಿಗೆ ವರ್ಷಗಳೇ ಹಿಡಿದವು. ಡಾಕ್ಟರು ಹೇಳುತ್ತಿದ್ದರು, ಮಿಷಿನ್ ಸಾರ್ ಕಂಪ್ಯೂಟರಿಗೆ ಟೈಪು ಮಾಡುತ್ತಿದ್ದರು. ಅಕ್ಕ ಪರದೆ ನೋಡಿ ಡಬ್ಬಿಯಿಂದ ಬಿಡಿ ಮಾತ್ರೆ ಎಣಿಸಿ ಕಾಗದದ ಪೊಟ್ಟಣ ಕಟ್ಟುತ್ತಿದ್ದರು. ಬೆಳಗಿನ ಪೊಟ್ಟಣದ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ. ಓದು ಬಾರದವರಿಗೂ ತಪ್ಪಬಾರದು ಎಂದು ಮಾಡಿದ ಏರ್ಪಾಡು, ಎಲ್ಲರೂ ಹೊಗಳಿದರು. ಯಾವ ಮಾತ್ರೆ, ಎಷ್ಟು ಎಂಬುದು ತಿನ್ನುವವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವಿಲ್ಲದಂತೆ ವ್ಯವಸ್ಥೆ ಅಷ್ಟು ಚೆನ್ನಾಗಿತ್ತು.

ಮೊದಲು ಹಳದಿ ಕಾರ್ಡುಗಳಿದ್ದವು. "ಎಲ್ಲಾ ಕಂಪ್ಯೂಟರಿನಾಗೆ ಐತಲ್ಲ, ಮತ್ಯಾಕೆ ಕಾಗದ?" ಎಂದು ಕಾರ್ಯದರ್ಶಿಗಳು ಕೇಳಿದ ಮೇಲೆ ಅವನ್ನು ಸುಡಲಾಯಿತು. ಆದೇಶದ ಕರಡು ನನ್ನದು. ಮುಂದಿನ ವರ್ಷ ದೊಡ್ಡ ಡಾಕ್ಟರು ತೀರಿಕೊಂಡರು. ಆಮೇಲೆ ಆರು ತಿಂಗಳಿಗೊಬ್ಬರಂತೆ ಬಂದ ಹೊಸ ಡಾಕ್ಟರುಗಳು ಪರದೆ ನೋಡಿ "ಇದನ್ನೇ ಮುಂದುವರಿಸಿ" ಎನ್ನುತ್ತಿದ್ದರು. ಹೀಗೆ ಒಬ್ಬ ಸತ್ತ ಮನುಷ್ಯನ ಹನ್ನೊಂದು ವರ್ಷದ ತಾಳ್ಮೆ, ನಾಲ್ಕು ತಾಲೂಕಿನ ಜನರ ನೆಟ್ಟಗಿನ ನಡಿಗೆ, ಆ ಒಂದು ಪೆಟ್ಟಿಗೆಯೊಳಗೆ ಸೇರಿಕೊಂಡಿತು. ಅದರ ಕಾವಲಿಗೆ ಇವರಿದ್ದರು.

ಮೂಲತಃ ಅವರು ಚನ್ನಗಿರಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದವರು. ಟೈಪ್‌ರೈಟರ್ ಕಾಲ ಮುಗಿದ ಮೇಲೆ ತಾವೇ ಪುಸ್ತಕ ಇಟ್ಟುಕೊಂಡು ಕಂಪ್ಯೂಟರ್ ಕಲಿತರು. ಒಣಕಲು ದೇಹ, ತೋಳು ಮಡಿಸಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಸ್ಕ್ರೂಡ್ರೈವರ್. ಮಂಡಕ್ಕಿ ತಿನ್ನುವಾಗ ಕೀಬೋರ್ಡಿಗೆ ಬೆನ್ನು ಮಾಡಿ ಕೂರುತ್ತಿದ್ದರು, ಮಡಿವಂತರು ಊಟಕ್ಕೆ ಕೂತಂತೆ.

ಅವರ ನಿಜವಾದ ವೃತ್ತಿ ಮಾತ್ರ ಬೇರೆ. ಕಂಪ್ಯೂಟರಿನಲ್ಲಿ ನಾವು ತೆರೆದ ಕೆಲಸ ಒಂದೋ ಎರಡೋ ಕಾಣುತ್ತದೆ. ಆದರೆ ನಮಗೆ ಹೇಳದೆ ಕೇಳದೆ ಹಿಂದೆ ನೂರಾರು ಕೆಲಸಗಳು ಓಡುತ್ತಿರುತ್ತವೆ. ಪ್ರೋಸೆಸ್ ಅನ್ನುತ್ತಾರೆ. ಮೂರು ಕೀಲಿ ಒಟ್ಟಿಗೆ ಒತ್ತಿದರೆ ಅವುಗಳ ಪಟ್ಟಿ ಬರುತ್ತದೆ. ಬೇರೆಯವರು ಬೆಳಿಗ್ಗೆ ಪೇಪರ್ ಓದಿದರೆ ಇವರು ಆ ಪಟ್ಟಿ ಓದುತ್ತಿದ್ದರು. ಒಂದೊಂದು ಹೆಸರಿನ ಮುಂದೆಯೂ ಬೆರಳಿಟ್ಟು, ಮೆಲ್ಲಗೆ, "ಏನಪ್ಪಾ, ನೀನು ಯಾರ ಪೈಕಿ?" ಎಂದು ಕೇಳುತ್ತಿದ್ದರು.

ನಮ್ಮ ಕಡೆ ಅಪರಿಚಿತರು ಬಂದರೆ ನೀರು ಕೊಡುವ ಮೊದಲು ಕೇಳುವ ಪ್ರಶ್ನೆಯೇ ಅದು. ಇವರು ಅದರಲ್ಲಿ ಪಂಡಿತರು. ಅವರ ಊರಾದ ಗೋವಿನಕೋವಿಯ ಸುತ್ತಮುತ್ತ ಯಾರ ಮನೆಯಲ್ಲಿ ಹೆಣ್ಣು ಕೊಡುವುದಿದ್ದರೂ ಗಂಡಿನ ವಿಚಾರಣೆಗೆ ಇವರನ್ನೇ ಕಳಿಸುತ್ತಿದ್ದರು. ಹೋದವರು ಗಂಡಿನ ಮನೆಗೆ ಕಾಲಿಡುತ್ತಿರಲಿಲ್ಲ. "ಹುಡುಗನ್ನ ಕೇಳಬಾರದು ಸಾರ್. ಅವರಪ್ಪನ್ನಂತೂ ಕೇಳಲೇಬಾರದು. ಪಕ್ಕದ ಕಟಿಂಗ್ ಅಂಗಡಿಯಾಗೆ ಹೋಗಿ ಸುಮ್ನೆ ಗಡ್ಡ ಮಾಡಿಸ್ಕಬೇಕು. ಅರ್ಧ ಗಡ್ಡ ಆಗೋದ್ರೊಳಗೆ ಎಲ್ಲಾ ಬರ್ತತೆ." ಎಷ್ಟು ಮದುವೆ ತಪ್ಪಿಸಿದರೋ, ಎಷ್ಟು ಸಲ ಕೆನ್ನೆಗೆ ಕತ್ತಿ ತಾಗಿತೋ, ಲೆಕ್ಕವಿಲ್ಲ.

ಇದೇ ವಿದ್ಯೆಯನ್ನು ಕಂಪ್ಯೂಟರಿಗೆ ಹಚ್ಚಿದ್ದರು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅಂಕಣ ಮಾಡಿದ್ದರು: ಹೆಸರು, ಮನೆ, ಕರೆತಂದವರು, ಜಾಮೀನು, ನಡತೆ. ಮನೆ ಎಂದರೆ ಆ ಪ್ರೋಸೆಸ್ಸಿನ ಫೈಲು ಯಾವ ಫೋಲ್ಡರಿನಲ್ಲಿ ಕೂತಿದೆ ಎಂಬುದು. ಕರೆತಂದವರು ಎಂದರೆ ಯಾವ ಪ್ರೋಗ್ರಾಮು ಅದನ್ನು ಎಬ್ಬಿಸಿತು. ಜಾಮೀನು ಎಂದರೆ ಅದನ್ನು ಮಾಡಿದ ಕಂಪನಿಯ ಸಹಿ ಅದರ ಮೇಲಿದೆಯೇ. ನಡತೆಯ ಅಂಕಣ ನಾನು ಓದಿದ ಸರ್ವೀಸ್ ರಿಜಿಸ್ಟರುಗಳಲ್ಲೇ ಅತ್ಯುತ್ತಮವಾದದ್ದು. "ಸಾಧು." "ಮುಂಗೋಪಿ, ಆದರೆ ಸಾಧು." "ಊಟ ಹೆಚ್ಚು, ಕೆಲಸ ಕಮ್ಮಿ, ಸರ್ಕಾರಿ ಇರಬಹುದು." ವೈರಸ್ ಹಿಡಿಯುವ ಪ್ರೋಗ್ರಾಮಿನ ಎದುರಿಗೆ: "ಹೊಟ್ಟೆಬಾಕ. ಏನು ಮಾಡುವುದು, ನಮ್ಮವನು."

"ಹೆಸರು ನೋಡಿದ್ರೆ ಗೊತ್ತಾಗಲ್ವೇನ್ರೀ?" ಎಂದು ಒಮ್ಮೆ ಕೇಳಿದ್ದೆ.

"ಕೆಟ್ಟವನು ಕೆಟ್ಟ ಹೆಸರು ಇಟ್ಕಂಡು ಬರಲ್ಲ ಸಾರ್. ಬಲು ಮರ್ಯಾದಸ್ಥರ ಹೆಸರು ಇಟ್ಕಂಡೇ ಬರ್ತಾನೆ. ಒಳ್ಳೇವರಿಗೇ ಹೆಸರು ಹಾಳೂಮೂಳು ಇರ್ತತೆ."

ಈ ಮಾತಿನ ಸತ್ಯವನ್ನು ಅವರೇ ಒಂದು ಸಲ ಮರೆತರು. ಒಂದು ಶನಿವಾರ ಜಗಳೂರಿನಲ್ಲಿ, ಅಂಗಳದ ತುಂಬ ಜನ ಕೂತಿದ್ದಾಗ, ಮಿಷಿನ್ ತೆವಳಲು ಶುರುಮಾಡಿತು. ಪಟ್ಟಿಯಲ್ಲಿ ಹಿಂದೆಂದೂ ನೋಡದ, ಅಕ್ಷರಗಳನ್ನು ಬಾಂಡ್ಲಿಗೆ ಹಾಕಿ ಹುರಿದಂಥ ಹೆಸರಿನ ಪ್ರೋಸೆಸ್ಸೊಂದು ಮುಕ್ಕಾಲು ಪಾಲು ಶಕ್ತಿಯನ್ನು ನುಂಗುತ್ತಿತ್ತು. ಇವರು ವಿಚಾರಣೆ ಮಾಡಲಿಲ್ಲ; ಜನ ಕಾಯುತ್ತಿದ್ದಾರೆಂಬ ಗಾಬರಿಯಲ್ಲಿ ಅದನ್ನು ಕೊಂದರು. ಅದು ರೋಗಿಗಳ ಪಟ್ಟಿಯನ್ನೇ ಹೊತ್ತು ನಿಂತ ಪಾಪದ ಆಳು. ಹಿಂದಿನ ದಿನ ತಾನೇ ಅಪ್‌ಡೇಟ್ ಆಗಿ ಹೊಸ ರೂಪಕ್ಕೆ ಬದಲಾಗಿ, ಹಳೆಯ ದಾಖಲೆಯನ್ನು ಜೋಡಿಸಿಕೊಳ್ಳುತ್ತಿತ್ತು. ಪರದೆ ಬೆಳ್ಳಗಾಯಿತು. ಮಧ್ಯಾಹ್ನ ಮೂರರವರೆಗೆ ಒಂದು ಪೊಟ್ಟಣವೂ ಹೊರಡಲಿಲ್ಲ. ಬಿಸಿಲಿಗೆ ಇಬ್ಬರು ಅಲ್ಲೇ ಫಿಟ್ಸ್ ಬಂದು ಬಿದ್ದರು. ಮೂರಕ್ಕೆ ಎಲ್ಲ ಸರಿಹೋಯಿತು, ದಾಖಲೆ ಒಂದೂ ಹಾಳಾಗಿರಲಿಲ್ಲ. ಆದರೆ ಆವತ್ತಿನಿಂದ ಅವರು ಒಂದೊಂದು ಕೀಲಿಯನ್ನೂ ಎರಡು ಸಲ ನೋಡಿ ಒತ್ತುತ್ತಿದ್ದರು.

ಸೋಮವಾರ ಕಾರ್ಯದರ್ಶಿಗಳು ಕರೆಸಿದರು. "ಏನ್ರೀ, ನಿಮ್ಮನ್ನ ಇಟ್ಕಂಡಿರೋದು ನಡೆಸಾಕಾ, ಕೊಲ್ಲಾಕಾ?" ಆಮೇಲೆ ನನ್ನ ಕಡೆ ತಿರುಗಿ, "ಒಂದು ಮುಚ್ಚಳಿಕೆ ಬರೆಸ್ಕಳ್ರೀ." ನಾನು ಕರಡು ಮಾಡಿದೆ. "ಲಿಖಿತ ಪೂರ್ವಾನುಮತಿ ಇಲ್ಲದೆ ಯಾವುದೇ ಪ್ರೋಸೆಸ್ಸನ್ನು ಸ್ಥಗಿತಗೊಳಿಸುವುದಾಗಲಿ, ಅಡ್ಡಿಪಡಿಸುವುದಾಗಲಿ, ಪರೋಕ್ಷವಾಗಿ ಬಾಧಿಸುವುದಾಗಲಿ ಮಾಡತಕ್ಕದ್ದಲ್ಲ." 'ಪರೋಕ್ಷವಾಗಿ ಬಾಧಿಸುವುದು' ಎಂಬುದು ನನ್ನ ಸ್ವಂತ ಸೇರ್ಪಡೆ. ಅದನ್ನು ಬರೆದಾಗ ನನಗೆ ಬಹಳ ತೃಪ್ತಿಯಾಗಿತ್ತು.

ಅವರು ಎರಡು ಸಲ ಓದಿ ಸಹಿ ಹಾಕಿದರು. "ಭಾಷೆ ಬಲು ಗಟ್ಟಿ ಐತೆ ಸಾರ್" ಎಂದರು. ಹೊಗಳಿಕೆ ಎಂದೇ ತಿಳಿದೆ.

ಇನ್ನೊಂದು ಸುತ್ತೋಲೆಯನ್ನೂ ಇಲ್ಲೇ ಹೇಳಿಬಿಡಬೇಕು. ಎಲ್ಲ ದಾಖಲೆಗೂ ಒಂದು ನಕಲು ಇರಬೇಕೆಂದು ಇವರೇ ಹಟ ಹಿಡಿದು, ಅಂಗೈಯಗಲದ ಡಿಸ್ಕೊಂದನ್ನು ತರಿಸಿದ್ದರು. ವಾರಕ್ಕೊಮ್ಮೆ ನಕಲು ಮಾಡಿ, ಡಿಸ್ಕನ್ನು ಬಿಚ್ಚಿ ಮನೆಗೆ ಒಯ್ಯುತ್ತಿದ್ದರು. ಒಂದು ಗುರುವಾರ ಅದು ಚನ್ನಗಿರಿಯ ಟೀ ಅಂಗಡಿಯ ಮೇಜಿನ ಮೇಲೆ ಉಳಿದುಬಿಟ್ಟಿತು. ಹತ್ತು ನಿಮಿಷದಲ್ಲಿ ಸಿಕ್ಕಿತು, ನಿಜ. ಆದರೆ ಸುದ್ದಿ ಕಾರ್ಯದರ್ಶಿಗಳಿಗೆ ಒಂಬತ್ತೇ ನಿಮಿಷದಲ್ಲಿ ಮುಟ್ಟಿತ್ತು. ಅವರು ಸೈಕಲ್ಲಿನ ಚೈನು, ಬೀಗ ತಂದು ಡಿಸ್ಕನ್ನು ಕಂಪ್ಯೂಟರಿನ ಪೆಟ್ಟಿಗೆಗೆ ಬಿಗಿದು ಕೀಲಿಯನ್ನು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡರು. "ಡಿಸ್ಕನ್ನು ಸದಾಕಾಲ ಯಂತ್ರಕ್ಕೆ ಜೋಡಿಸಿಯೇ ಇಡತಕ್ಕದ್ದು" ಎಂದು ನಾನು ಸುತ್ತೋಲೆ ಹೊರಡಿಸಿದೆ.

"ಮೂಲ ಮತ್ತು ನಕಲು ಒಂದೇ ಹಗ್ಗಕ್ಕೆ ಕಟ್ಟಿದ್ರೆ ಹೆಂಗೆ ಸಾರ್? ಬಾವಿಗೆ ಬಿದ್ರೆ ಎರಡೂ ಬೀಳ್ತವೆ" ಎಂದರು ಅವರು.

"ಬಾವಿ ಎಲ್ಲಿದೆ, ತೋರಿಸಿ" ಎಂದೆ.

ಬಾವಿ ಕಾಣಿಸಿದ್ದು ಒಂದು ಗುರುವಾರ, ಚನ್ನಗಿರಿಯಲ್ಲಿ, ಊಟದ ಹೊತ್ತಿಗೆ. ರೋಗಿಗಳು ಇರಲಿಲ್ಲ, ಮಿಷಿನ್ ಮುಂದೆ ಯಾರೂ ಇರಲಿಲ್ಲ. ಆದರೂ ಅದರ ಫ್ಯಾನು ಗಿರಣಿಯಂತೆ ತಿರುಗುತ್ತಿತ್ತು. ಬುತ್ತಿ ಮುಚ್ಚಿಟ್ಟು ಅವರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

"ಇಲ್ಲಿ ನೋಡ್ರಿ ಸಾರ್. ಹೆಸರು ಸರಿ ಐತೆ. ಮಿಷಿನ್ ಒಳಗೆ ಈ ಹೆಸರಿನೋರು ಹತ್ತಾರು ಜನ ಅದಾರೆ, ಎಲ್ಲಾ ಸಾಧು. ಎಲ್ಲರ ಮನೇನೂ ಒಂದೇ ಫೋಲ್ಡರು. ಇವನೊಬ್ಬನ ಮನೆ ಮಾತ್ರ ಬ್ಯಾರೆ ಕಡೆ. ತಾತ್ಕಾಲಿಕ ಸಾಮಾನು ಎಸೆಯೋ ಫೋಲ್ಡರಿನಾಗೆ ಕುಂತಾನೆ. ಹೆಸರು ಗೌಡರ ಮನೇದು, ಮಲಗೋದು ಬಸ್ ಸ್ಟ್ಯಾಂಡಿನಾಗೆ. ಏನಂತೀರಿ?"

"ಬಡವರಿರಬಹುದು."

ಅವರು ನಗಲಿಲ್ಲ. "ಜಾಮೀನಿಲ್ಲ. ಯಾವ ಕಂಪನಿ ಸಹಿನೂ ಇಲ್ಲ. ಮೂರು ದಿನದ ಹಿಂದೆ ಬಂದಾನೆ. ಯಾರೂ ಇಲ್ಲದಾಗ ಎದ್ದು ಇಂಟರ್ನೆಟ್ ಡಾಂಗಲಿನಾಗೆ ಹೊರಗೆ ಯಾರ ಜತೆಗೋ ಮಾತಾಡ್ತಾನೆ. ನಾವು ಮೌಸ್ ಮುಟ್ಟಿದ ತಕ್ಷಣ ಸುಮ್ಮನಾಗ್ತಾನೆ. ಒಂದು ವೆಬ್‌ಸೈಟ್ ಐತೆ, ಫೈಲ್ ಕೊಟ್ರೆ ಅರವತ್ತು ಎಪ್ಪತ್ತು ಜನ ವೈರಸ್ ಹಿಡಿಯೋರ ಹತ್ರ ಕೇಳಿ ಹೇಳ್ತತೆ. ಕೊಟ್ಟೆ. ಮೂರು ಜನ ಕೆಟ್ಟವನು ಅಂದ್ರು. ಉಳಿದೋರೆಲ್ಲ ನಮಗೇನೂ ಕಂಡಿಲ್ಲ ಅಂದ್ರು."

"ಅಂದರೆ ಕೆಟ್ಟವನು ಅಂತ ಖಾತ್ರಿ ಇಲ್ಲ."

"ಖಾತ್ರಿ ಇದ್ದಿದ್ರೆ ನಿಮ್ಮನ್ನ ಯಾಕೆ ಕರೀತಿದ್ದೆ ಸಾರ್? ಖಾತ್ರಿ ಆಗೋದು ಅವನು ಕೆಲಸ ಮುಗಿಸಿದ ಮೇಲೇ."

ಮುಚ್ಚಳಿಕೆಯ ಪ್ರಕಾರ ಟಿಪ್ಪಣಿ ಬರೆದುಕೊಟ್ಟರು. ನಾನು ಓದಿ, 'ಸಂಶಯ' ಎಂಬುದು ಕಾರಣವಾಗುವುದಿಲ್ಲ, ಕಾರಣವನ್ನು ನಿರ್ದಿಷ್ಟವಾಗಿ ನಮೂದಿಸಿ ಎಂದು ವಾಪಸ್ ಕೊಟ್ಟೆ. ಮತ್ತೆ ಬರೆದರು. ಶುಕ್ರವಾರ ಮಧ್ಯಾಹ್ನ ಹೊನ್ನಾಳಿಯಲ್ಲಿ ನಾವಿಬ್ಬರೂ ಕಾರ್ಯದರ್ಶಿಗಳ ಮುಂದೆ ನಿಂತೆವು. ಅವರು ಅಡಿಕೆ ವ್ಯಾಪಾರದವರು, ಸಭ್ಯರು, ಯಾವ ವಿಷಯವನ್ನೂ ಮೂರು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುವ ಅಭ್ಯಾಸವಿದ್ದವರು.

"ಎಪ್ಪತ್ತರಾಗೆ ಮೂರು ಜನ ಅಷ್ಟೇನಾ? ಹಂಗಾದ್ರೆ ಬಹುಮತ ಅವನ ಕಡೇನೇ ಐತಲ್ರೀ!"

"ಇದು ಪಂಚಾಯ್ತಿ ಎಲೆಕ್ಷನ್ ಅಲ್ಲ ಸಾರ್" ಎಂದರು ಇವರು, ತಗ್ಗಿದ ದನಿಯಲ್ಲಿ.

ಕಾರ್ಯದರ್ಶಿಗಳು ಕೋಪಿಸಿಕೊಳ್ಳದೆ ತಮ್ಮ ಭಾಮೈದನಿಗೆ ಫೋನ್ ಹಚ್ಚಿದರು. ಕಂಪ್ಯೂಟರ್ ರಿಪೇರಿಯ ಗುತ್ತಿಗೆ ದಾವಣಗೆರೆಯಲ್ಲಿದ್ದ ಆ ಭಾಮೈದನದು. ಆ ಸೋಮವಾರವಷ್ಟೇ ಬಂದು ಅದೇನೋ ಪ್ರಿಂಟರಿನ ಪ್ರೋಗ್ರಾಮು ಹಾಕಿ ಹೋಗಿದ್ದ. ಫೋನ್ ಸ್ಪೀಕರಿನಲ್ಲಿತ್ತು. ಹಿಂದೆ ಜನ ಮಾತಾಡುವ, ತಟ್ಟೆ ಇಡುವ ಸದ್ದು ಕೇಳುತ್ತಿತ್ತು. ಎಲ್ಲೋ ಊಟಕ್ಕೆ ಕೂತಿದ್ದ.

"ಅದಾ? ಅದು ನಮ್ದೇ ಭಾವ. ಇರ್ಲಿ ಬಿಡ್ರಿ."

"ನೋಡಿ ಹೇಳ್ತಿಯೋ, ನೋಡದೇನೇ ಹೇಳ್ತಿಯೋ?"

"ಅಯ್ಯೋ, ನಾನೇ ಹಾಕಿದ್ದು ಭಾವ. ನಮ್ಮ ಪೈಕೀನೇ."

ಆತ ಅದನ್ನು ಹಾಕಿರಲಿಲ್ಲ. ದುಡ್ಡು ಕೊಡದೆ ಎಲ್ಲಿಂದಲೋ ಇಳಿಸಿ ತಂದ ಪ್ರಿಂಟರಿನ ಪ್ರೋಗ್ರಾಮಿನ ಬೆನ್ನಿಗೆ ಅಂಟಿಕೊಂಡು ಬಂದಿತ್ತು ಎಂದು ಆಮೇಲೆ ನೋಡಿದವರು ಹೇಳಿದರು. ಆ ಮಧ್ಯಾಹ್ನದ ಬಿಸಿಲಿಗೆ ಹೊನ್ನಾಳಿಗೆ ಬರುವುದು ತಪ್ಪಲೆಂದು ಒಂದು ಮಾತು ಅಂದ, ಅಷ್ಟೆ. ಸುಳ್ಳು ಹೇಳಿದೆ ಎಂದು ಅವನಿಗೆ ಇವತ್ತಿಗೂ ಅನ್ನಿಸಿರಲಿಕ್ಕಿಲ್ಲ. ನಮ್ಮಲ್ಲಿ ಎಷ್ಟೋ ಮದುವೆಗಳು ಇಂಥದೇ ಒಂದು ಮಾತಿನ ಮೇಲೆ ನಡೆದಿವೆ.

ನಾನು ಟಿಪ್ಪಣಿಯ ಅಂಚಿನಲ್ಲಿ ಬರೆದೆ: "ಪರಿಶೀಲಿಸಲಾಗಿದೆ. ಸದರಿ ಪ್ರೋಸೆಸ್ ನಮ್ಮದೇ. ಕ್ರಮದ ಅಗತ್ಯವಿಲ್ಲ."

ಹೊರಗೆ ಬಂದ ಮೇಲೆ ಅವರು ವರಾಂಡದ ಕಂಬಕ್ಕೆ ಒರಗಿ ನಿಂತರು. "ಜಾಮೀನು ಬಂತಲ್ಲ ಸಾರ್" ಎಂದರು. ತಮಗೇ ಹೇಳಿಕೊಂಡಂತಿತ್ತು. "ಗೊತ್ತಿರೋರು ಜಾಮೀನು ಕೊಟ್ಟ ಮೇಲೆ ನಾನೂ ಹೆಚ್ಚು ಕೆದಕಿದೋನಲ್ಲ. ಗಂಡುಗಳ ವಿಷಯದಾಗೂ ಅಷ್ಟೇ ಮಾಡಿದೀನಿ." ನನ್ನ ಕಡೆ ತಿರುಗಿ, "ಆದ್ರೂ ಸಾರ್, ಅವನನ್ನ ಮುಟ್ಟಲ್ಲ. ಡಿಸ್ಕಿನ ವೈರ್ ಒಂದು ಕಿತ್ತಿಡ್ಲಾ? ಬೀಗ ಇರ್ಲಿ, ಚೈನಿರ್ಲಿ. ಬರೀ ವೈರು. ಸೋಮವಾರ ಮತ್ತೆ ಹಾಕ್ತೀನಿ."

ಸುತ್ತೋಲೆ ಇದೆಯಲ್ಲ, ಎಂದೆ.

"ಯಾರಿಗೂ ಗೊತ್ತಾಗಲ್ಲ ಸಾರ್."

"ನನಗೆ ಗೊತ್ತಾಗುತ್ತೆ" ಎಂದೆ.

ಇಡೀ ಸೇವಾವಧಿಯಲ್ಲಿ ನಾನು ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಅವರು ತಲೆಯಾಡಿಸಿದರು. ಕಿತ್ತಿಡಲಿಲ್ಲ. ನನ್ನನ್ನು ಕೇಳದೆ ಕಿತ್ತಿದ್ದರೆ ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ ಎಂದು ಆಮೇಲೆ ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅವರು ಕೇಳಿದರು. ಕೇಳದೆ ಮಾಡುವ ಧೈರ್ಯವನ್ನು ಜಗಳೂರಿನ ಆ ಶನಿವಾರ ತೆಗೆದುಕೊಂಡಿತ್ತು. ಉಳಿದದ್ದನ್ನು ನನ್ನ ಗಟ್ಟಿ ಭಾಷೆ ತೆಗೆದುಕೊಂಡಿತ್ತು.

ಮಾರನೆಯ ದಿನ ಬೆಳಿಗ್ಗೆ, ಜಗಳೂರಿನಲ್ಲೇ, ಹಾಸಿಗೆ ಬಟ್ಟೆ ಸರಿಸಿ ಮಿಷಿನ್ ಹಚ್ಚಿದರು. ರೋಗಿಗಳ ಫೈಲುಗಳೆಲ್ಲ ಅಲ್ಲೇ ಇದ್ದವು, ಒಂದೂ ಕಾಣೆಯಾಗಿರಲಿಲ್ಲ. ಪ್ರತಿಯೊಂದರ ಹೆಸರಿಗೂ ಹೊಸದೊಂದು ಬಾಲ ಹುಟ್ಟಿತ್ತು. ಯಾವುದೂ ತೆರೆಯಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಇಂಗ್ಲಿಷ್ ಪತ್ರ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಇಷ್ಟು ಕೊಡಿ. ವ್ಯಾಕರಣ ಶುದ್ಧವಾಗಿತ್ತು. ಡಿಸ್ಕಿನಲ್ಲಿದ್ದ ನಕಲಿಗೂ ಅದೇ ಬಾಲ. ಚೈನು, ಬೀಗ ಭದ್ರವಾಗಿದ್ದವು.

ಅವರು ಕೂಗಾಡಲಿಲ್ಲ. ಪ್ಲಗ್ ಕಿತ್ತು, ಮಿಷಿನ್ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಹೊರಗೆ ಅಂಗಳದಲ್ಲಿ ಜನ ಹೆಸರು ಕರೆಯುವುದನ್ನು ಕಾಯುತ್ತಿದ್ದರು.

"ಅಕ್ಕ, ನಿಮಗೆ ಯಾರ‍್ಯಾರದು ಎಷ್ಟು ಅಂತ ನೆನಪೈತಾ?" ಎಂದು ಕೇಳಿದರು.

ಔಷಧದ ಅಕ್ಕ ಅಳುತ್ತಿದ್ದರು. "ಮುಖ ನೋಡಿ ಕೊಡ್ತಿದ್ನಾ ಸಾರ್ ನಾನು? ಪರದೆ ನೋಡಿ ಕೊಡ್ತಿದ್ದೆ."

ಟ್ರಸ್ಟು ಕೀಲಿ ಕೊಳ್ಳಲಿಲ್ಲ. ಕೊಟ್ಟರೂ ಬೀಗ ತೆಗೆಯುತ್ತಾರೆಂಬ ಭರವಸೆ ಯಾರಿಗೂ ಇರಲಿಲ್ಲ. ಶಿವಮೊಗ್ಗ, ದಾವಣಗೆರೆ ಎಲ್ಲ ಕಡೆಯೂ ಮಿಷಿನ್ ತೋರಿಸಿದ್ದಾಯಿತು. ಎಲ್ಲರೂ ಸಾವಿನ ಮನೆಗೆ ಬಂದವರಂತೆ ನೋಡಿ, ಯಾಕೆ ನಕಲು ಬೇರೆ ಇಟ್ಟಿರಲಿಲ್ಲ ಎಂದು ಕೇಳಿ ಹೋದರು. ಯಾರ ಮೇಲಾದರೂ ಕ್ರಮ ಆಗಬೇಕಲ್ಲ? ಕಾರಣ ಕೇಳುವ ನೋಟಿಸ್ ಇವರಿಗೇ ಹೋಯಿತು. ಬರೆದವನು ನಾನೇ, ಬೇರೆ ಯಾರಿಗೂ ಬರೆಯಲು ಬರುತ್ತಿರಲಿಲ್ಲ. ಒಂದೂವರೆ ಪುಟದ ನೋಟಿಸು. "ಸದರಿ ಪ್ರೋಸೆಸ್ ಅಪಾಯಕಾರಿ ಎಂದು ತಿಳಿದಿದ್ದೂ ತಾವು ಸಕಾಲದಲ್ಲಿ ಕ್ರಮ ಕೈಗೊಳ್ಳದಿರಲು ಕಾರಣವೇನು?"

ಅವರ ಉತ್ತರ ಒಂದೇ ಸಾಲು. "ನಾನು ಕೇಳಿದ್ದೆ."

ಆ ಕಾಗದವನ್ನು ನಾನು ಫೈಲಿಗೆ ಸೇರಿಸಲಿಲ್ಲ. ಮನೆಯಲ್ಲಿದೆ. ಇಡೀ ಸೇವೆಯಲ್ಲಿ ನಾನು ಮಾಡಿದ ಕಳವು ಅದೊಂದೇ.

ಕ್ಲಿನಿಕ್ ಮೂರು ತಿಂಗಳು ಕುಂಟಿಕೊಂಡು ನಡೆದು ನಿಂತಿತು. ಹೊಸ ಡಾಕ್ಟರು ಎಲ್ಲರಿಗೂ ಮೊದಲಿನಿಂದ ಶುರುಮಾಡಬೇಕೆಂದರು. ಶುರುಮಾಡಿದರು, ನಡುವೆ ಅವರ ಆರು ತಿಂಗಳು ಮುಗಿಯಿತು. ಜನ ಕೆಲವರು ದೊಡ್ಡಾಸ್ಪತ್ರೆಗೆ ಹೋದರು, ಕೆಲವರು ಬೇರಿನ ಔಷಧಕ್ಕೆ ಹೋದರು, ಹಲವರು ಎಲ್ಲಿಗೂ ಹೋಗಲಿಲ್ಲ. ಇವರು ಮಾತ್ರ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಚೀಲದಲ್ಲಿ ನಾವು ಕೊಡುತ್ತಿದ್ದ ಐದು ತರದ ಮಾತ್ರೆಯ ಒಂದೊಂದು ಸ್ಟ್ರಿಪ್. ಊರೂರಿಗೆ ಹೋಗಿ, ಮನೆಮನೆಯಲ್ಲಿ ಕೂತು, ಪೊಟ್ಟಣದಲ್ಲಿ ಏನಿತ್ತು ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು.

ತ್ಯಾವಣಿಗೆಗೆ ಒಂದು ಸಲ ನಾನೂ ಜತೆಗೆ ಹೋಗಿದ್ದೆ. ಒಬ್ಬ ಮುದುಕ, ಮಗನ ಪರವಾಗಿ ಮಾತಾಡುತ್ತಿದ್ದ. ಮಗ ಒಳಗೆ ಮಲಗಿದ್ದ.

"ಸೂರ್ಯನ ಪೊಟ್ಟಣದಾಗೆ ಎಷ್ಟು ಇರ್ತಿದ್ವು ಅಜ್ಜ?"

"ಎರಡು. ಒಂದೊಂದ್ಸಲ ಮೂರು."

"ಬಣ್ಣ?"

"ಬೆಳ್ಳಗೆ."

ಸ್ಟ್ರಿಪ್ಪುಗಳನ್ನು ಮುಂದೆ ಹರಡಿದರು. ಐದರಲ್ಲಿ ನಾಲ್ಕು ಬಿಳಿ. ಮುದುಕ ಬಹಳ ಹೊತ್ತು ನೋಡಿ, "ಎಲ್ಲಾ ಒಂದೇ ಥರ ಅದಾವಲ್ಲಪ್ಪ. ನಮ್ಮ ಹುಡುಗ ಕಹಿ ಕಹಿ ಅಂತಿದ್ದ ನೋಡು" ಎಂದ.

ಇವರು ನಾಲ್ಕು ಮಾತ್ರೆ ಒಡೆದು, ಒಂದೊಂದರ ಚೂರನ್ನೂ ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿ ಯೋಚಿಸಿದರು. "ಎರಡು ಕಹಿ ಅದಾವೆ ಸಾರ್" ಎಂದು ನನ್ನತ್ತ ನೋಡಿದರು. ಬರುವಾಗ ಬಸ್ಸಿನಲ್ಲಿ ತೂಕಡಿಸಿ ನನ್ನ ಭುಜದ ಮೇಲೆ ಬಿದ್ದರು. ದಿನಾ ಹೀಗೇ ತಿನ್ನುತ್ತೀರಾ ಎಂದು ಎಬ್ಬಿಸಿ ಕೇಳಿದೆ. "ತಿನ್ನಲ್ಲ ಸಾರ್, ನೆಕ್ತೀನಿ ಅಷ್ಟೆ" ಎಂದು ಮತ್ತೆ ನಿದ್ದೆ ಹೋದರು. ಆಮೇಲೆ ನಾನು ಹೋಗಲಿಲ್ಲ. ಮಂಡಿನೋವು ಎಂದೆ, ಮಂಡಿ ನೋವೂ ಇತ್ತು.

ಎಷ್ಟು ಊರು ಮುಗಿಸಿದರು, ಎಷ್ಟು ಜನರ ಲೆಕ್ಕ ಸಿಕ್ಕಿತು, ನನಗೆ ಗೊತ್ತಿಲ್ಲ. ಕಂಡಕ್ಟರ್ ಸುದ್ದಿ ಹೇಳಿದ ಮೇಲೆ ಗೋವಿನಕೋವಿಗೆ ಹೋಗಿ ಅವರ ಮನೆಯವರನ್ನು ಮಾತಾಡಿಸಿದೆ. ಬರೆದಿಟ್ಟದ್ದೆಲ್ಲವನ್ನೂ ಒಬ್ಬ ಡಾಕ್ಟರಿಗೆ ತೋರಿಸಿದ್ದರಂತೆ. "ಬಣ್ಣ ರುಚಿ ನೋಡಿ ಔಷಧಿ ಬರೆಯಾಕೆ ಆಗಲ್ಲ ಅಂದ್ರಂತೆ. ಆವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ" ಎಂದರು ಅವರ ಹೆಂಡತಿ.

ಹೋದ ವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನಮ್ಮ ಮನೆಯ ಬಾಗಿಲಿಗೆ ಇಬ್ಬರು ಬಂದರು. ತಾಯಿ, ಮಗಳು. ಜಗಳೂರಿನ ಹತ್ತಿರದ ಹಳ್ಳಿಯವರು. ಎರಡು ಬಸ್ಸು ಬದಲಿಸಿ, ಟ್ರಸ್ಟಿನ ಮುಚ್ಚಿದ ಬಾಗಿಲು ನೋಡಿ, ಯಾರನ್ನೋ ಕೇಳಿಕೊಂಡು ಬಂದಿದ್ದರು. ಹುಡುಗಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಹುಬ್ಬಿನ ಮೇಲೆ ಹೊಸ ಹೊಲಿಗೆ, ಬಲಗೈ ಮೊಣಕೈವರೆಗೆ ಸುಟ್ಟ ಗಾಯ ಒಣಗುತ್ತಿತ್ತು. ನಾಲ್ಕು ವರ್ಷ ಫಿಟ್ಸ್ ಒಂದು ಸಲವೂ ಬಂದಿರಲಿಲ್ಲವಂತೆ. ಈಗ ವಾರಕ್ಕೆ ಎರಡು ಸಲ.

"ಮಿಷಿನ್ ಸಾರ್ ಮನೆ ಎಲ್ಲಿ ಬರ್ತತ್ರೀ? ಮೂರು ತಿಂಗಳ ಹಿಂದೆ ನಮ್ಮೂರಿಗೆ ಬಂದಿದ್ರು. ಹುಡುಕ್ತೀನಿ ತಾಯಿ, ಸಿಕ್ರೆ ಬಂದು ಹೇಳ್ತೀನಿ ಅಂದಿದ್ರು."

ಅವರು ತೀರಿಕೊಂಡರಮ್ಮ, ಎಂದೆ.

ಹೆಂಗಸು ಜಗಲಿಯ ಮೇಲೆ ಕೂತಳು. ನನ್ನ ಹೆಂಡತಿ ನೀರು ತಂದುಕೊಟ್ಟಳು. ದಾವಣಗೆರೆಯಲ್ಲಿ ದೊಡ್ಡ ಡಾಕ್ಟರಿದ್ದಾರೆ, ಹೆಸರು ಬರೆದುಕೊಡುತ್ತೇನೆ, ಹೋಗಿ ಎಂದು ಪೆನ್ನು ತೆಗೆದೆ.

"ಹೋಗಿ ಬಂದೀವಿ ಯಜಮಾನ್ರೇ. ಮೂರು ಸಲ ಔಷಧಿ ಬದಲು ಮಾಡಿದ್ರು, ಯಾವ್ದೂ ಹಿಡೀತಿಲ್ಲ. ಮೊದಲು ಯಾವ್ದು ತಗಂಡು ನಾಲ್ಕು ವರ್ಷ ಚೆನ್ನಾಗಿದ್ಲು, ಅದನ್ನ ಹೇಳಮ್ಮ, ಅದನ್ನೇ ಬರೀತೀನಿ ಅಂತಾರೆ ಅವರೂ." ಲೋಟ ಕೆಳಗಿಟ್ಟಳು. "ನಿಮ್ಮ ಆಫೀಸಿನ ಕಾಗದದಾಗೆ ಎಲ್ಲಾದ್ರೂ ಬರೆದಿರ್ತತೇನೋ ನೋಡ್ರಿ. ನೀವು ಬರೆಯೋರಲ್ವಾ?"

ಕಾಗದ ಇಲ್ಲಮ್ಮ, ಎಂದೆ.

"ಒಂದೂ ಇಲ್ವಾ?"

ಒಂದೂ ಇಲ್ಲ ಎಂದೆ.

ಆಕೆ ನನ್ನನ್ನು ಬೈಯಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಮಗಳ ಗಾಯವಿಲ್ಲದ ಕೈ ಹಿಡಿದು ಎಬ್ಬಿಸಿದಳು. "ನಡಿಯವ್ವ" ಎಂದಳು, "ಇಲ್ಲೂ ಇಲ್ಲ."